ಕೂತವರ ಸಾಲು

ನೀವು ಒಂದು ಊರಿಗೆ ಹೋಗುವ ದಾರಿಯನ್ನು ಬರೆದುಕೊಡುತ್ತೀರಿ. ಬರೆದದ್ದು ಅಪ್ಪಟ ಸತ್ಯ. ಆದರೆ ನೀವು ಬರೆದಿರಿ ಎಂಬ ಒಂದೇ ಕಾರಣಕ್ಕೆ ಆ ದಾರಿಗೆ ಅಡ್ಡವಾಗಿ ಗೋಡೆ ಏಳುತ್ತದೆ. ಜನ ಗೋಡೆಗೆ ಹಣೆ ಚಚ್ಚಿಕೊಂಡು ವಾಪಸು ಬಂದು ನಿಮಗೇ ಬೈಯುತ್ತಾರೆ. ನೀವು ಇನ್ನೊಂದು ದಾರಿ ಹುಡುಕಿ ಬರೆಯುತ್ತೀರಿ. ಅದಕ್ಕೂ ಗೋಡೆ. ಇದು ನನ್ನ ಉದ್ಯೋಗ. ಯಾರಾದರೂ ಕೇಳಿದರೆ ಲೇಖಕಿ ಎನ್ನುತ್ತೇನೆ.

ನನ್ನ ಹೆಸರು ನೀಲಗಂಗಾ. ಗದಗಿನ ಸ್ಟೇಷನ್ ರಸ್ತೆಯ ಹೊಂಬಳ ಗೈಡ್ ಮನೆಯಲ್ಲಿ ಕೆಲಸ. ಒಂದು ಕಾಲಕ್ಕೆ ಇದೇ ಮನೆಯಿಂದ ಹತ್ತನೇ ಇಯತ್ತೆಯ ಗೈಡುಗಳು ಹೊರಡುತ್ತಿದ್ದವು. ಪರೀಕ್ಷೆಗೆ ಬಂದೇ ಬರುತ್ತದೆ ಎನ್ನುವ ಪ್ರಶ್ನೆಯ ಪಕ್ಕದಲ್ಲಿ ಮೂರು ಚುಕ್ಕಿ ಇರುತ್ತಿತ್ತು. ಮಕ್ಕಳು ಗೈಡು ಕೊಳ್ಳುವುದನ್ನು ಬಿಟ್ಟ ಮೇಲೆ ಯಜಮಾನರಾದ ಚನ್ನವೀರಪ್ಪ ಹೊಂಬಳ ಅವರು ಗೇಮ್ ಗೈಡುಗಳಿಗೆ ಇಳಿದರು. ಅಚ್ಚಿನ ಮಷಿನ್ ಮೂಲೆಗೆ ಹೋಯಿತು, ಚುಕ್ಕಿಗಳು ಮಾತ್ರ ಉಳಿದವು.

ನಾವು ಗೈಡು ಬರೆಯುವ ಆಟದ ಹೆಸರು 'ಏಳು ಕೋಟೆ'. ದೇಶದ ಮೂಲೆಮೂಲೆಯ ಜನ ಮನೆಯಲ್ಲೇ ಕೂತು ಒಟ್ಟಿಗೆ ಆಡುವ ಆಟ. ಮೊದಲು ಅದರಲ್ಲಿ ವೇಷಗಳು ಗಟ್ಟಿಯಾಗಿದ್ದವು. ಸಿಪಾಯಿ ಎಂದರೆ ಸಿಪಾಯಿ, ವೈದ್ಯ ಎಂದರೆ ವೈದ್ಯ, ಕಳ್ಳ ಸಾಯುವ ತನಕ ಕಳ್ಳ. ಆಗ ಒಂದು ಗೈಡು ಬರೆದರೆ ವರ್ಷಗಟ್ಟಲೆ ನಡೆಯುತ್ತಿತ್ತು. ಆಮೇಲೆ ಕಂಪನಿಯವರಿಗೆ ಉದಾರ ಬುದ್ಧಿ ಬಂತು. ಯಾರು ಯಾವ ವೇಷದ ತುಣುಕನ್ನಾದರೂ ಎತ್ತಿಕೊಳ್ಳಬಹುದು, ಬೇಡವಾದದ್ದನ್ನು ಬಿಟ್ಟುಕೊಡಬಹುದು, ಬಿಟ್ಟುಕೊಟ್ಟಿದ್ದಕ್ಕೆ ಪಾಯಿಂಟು ಸಿಗುತ್ತದೆ, ಅದರಿಂದ ಬೇರೆ ಶಕ್ತಿ ಕೊಳ್ಳಬಹುದು ಎಂದರು. ಅರ್ಧ ವೈದ್ಯ, ಕಾಲು ಕಳ್ಳ, ಉಳಿದದ್ದು ದೂರದ್ದನ್ನೆಲ್ಲ ಕಾಣುವ ಗರುಡಗಣ್ಣು. ನಿಮ್ಮ ಇಷ್ಟ.

ಆದರೆ ಇಷ್ಟ ಎನ್ನುವುದು ಯಾರಿಗೆ ಬೇಕಾಗಿತ್ತು? ಅಷ್ಟೊಂದು ಆಯ್ಕೆ ಕಂಡೊಡನೆ ಜನ ಗಾಬರಿಯಾದರು. ಯಾವುದು ಚಲೋ, ಅದೊಂದನ್ನು ಹೇಳಿಬಿಡಿ ಎಂದು ಗೈಡ್ ಮನೆಗಳಿಗೆ ಮುಗಿಬಿದ್ದರು. ನಾವು ಹೇಳಿದೆವು. ಎಲ್ಲರೂ ಅದೇ ವೇಷ ಹಾಕಿದರು. ಕೋಟೆಯೊಳಗೆ ಹೊಕ್ಕರೆ ಒಬ್ಬನೇ ಮನುಷ್ಯ ಸಾವಿರ ಸಲ ಎದುರಾದ ಹಾಗಿರುತ್ತಿತ್ತು. ಅದನ್ನು ಸರಿಪಡಿಸಲು ಕಂಪನಿ ತಂದ ಯಂತ್ರವೇ ತಕ್ಕಡಿ.

ತಕ್ಕಡಿಯ ಕೆಲಸ ಸರಳ. ಹೊರಬಿದ್ದ ಪ್ರತಿ ಗೈಡನ್ನೂ ಅದು ಓದುತ್ತದೆ. ಇದನ್ನು ಎಷ್ಟು ಜನ ಪಾಲಿಸಬಹುದು ಎಂದು ಅಂದಾಜು ಮಾಡುತ್ತದೆ. ಬಹಳ ಜನ ಎನಿಸಿದರೆ, ಅವರು ಪಾಲಿಸುವುದಕ್ಕೆ ಮೊದಲೇ ಆ ವೇಷದ ಬಲವನ್ನು ಇಳಿಸಿಬಿಡುತ್ತದೆ. ಗೈಡಿನಲ್ಲಿ ಮೂರು ಚುಕ್ಕಿ ಬಿದ್ದ ಪ್ರಶ್ನೆಯನ್ನು ಬೇಕೆಂದೇ ಬಿಟ್ಟು ಪತ್ರಿಕೆ ತೆಗೆಯುತ್ತಿದ್ದ ಮಾಸ್ತರರ ಬುದ್ಧಿಯೇ ಇದಕ್ಕೂ. ಹೊಂಬಳ ಅವರಿಗೆ ಬೇಜಾರಿಲ್ಲ. ಸಂಜೆಗೆ ಬಾಡುವ ಹೂವಿಗೆ ಬೆಳಿಗ್ಗೆ ಮತ್ತೆ ಗಿರಾಕಿ ಇದ್ದೇ ಇರುತ್ತಾರೆ.

ನಾನೂ ಹೀಗೇ ಕಾಲ ತಳ್ಳುತ್ತಿದ್ದೆ. ಆದರೆ ಮನೆಯಲ್ಲಿ ಅಕ್ಕ ಇದ್ದಳು.

ಅಕ್ಕ ಸಾವಂತ್ರಿ ಬೆಟಗೇರಿಯ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಪಿ.ಟಿ. ಟೀಚರ್ ಆಗಿದ್ದಳು. ಖೋಖೋ ಎಂದರೆ ಪ್ರಾಣ. ಬೆಳಿಗ್ಗೆ ಮೈದಾನದಲ್ಲಿ ಅವಳು ಸೀಟಿ ಊದಿದರೆ ಪಕ್ಕದ ಓಣಿಯ ಗಂಡಸರೂ ನೆಟ್ಟಗೆ ನಿಲ್ಲುತ್ತಿದ್ದರು. ಅಂಥವಳಿಗೆ ಒಂದು ದಿನ ಮೈದಾನದಲ್ಲೇ ಮಿದುಳಿನ ಬುಡದಲ್ಲಿ ರಕ್ತನಾಳ ಕಟ್ಟಿಕೊಂಡಿತು. ಕೈಯಿಲ್ಲ, ಕಾಲಿಲ್ಲ, ದನಿಯಿಲ್ಲ. ಕಣ್ಣಷ್ಟೇ ಉಳಿಯಿತು. ಒಳಗಿನ ಅಕ್ಕ ಮಾತ್ರ ಮೊದಲಿನ ಹಾಗೇ ಪೂರ್ತಿ ಇದ್ದಾಳೆ. 

ಮಾತಿಗೆ ಒಂದು ಅಕ್ಷರದ ಹಲಗೆ ಇದೆ. ಪರದೆಯ ಮೇಲೆ ಅಕ್ಷರಗಳು ಒಂದೊಂದಾಗಿ ಸರಿಯುತ್ತವೆ, ಬೇಕಾದ ಕಡೆ ಅಕ್ಕ ರೆಪ್ಪೆ ಮುಚ್ಚುತ್ತಾಳೆ. ಮೊದಲು ಅಕ್ಷರ, ಆಮೇಲೆ ಕಾಗುಣಿತ, ಆಮೇಲೆ ಒತ್ತು. ಹೊಸ ಅಕ್ಷರ ಬಂದರೆ ಹಿಂದಿನದು ಅಳಿಯುತ್ತದೆ. ನೋಡುವವರು ನೆನಪಿನಲ್ಲಿ ಪೋಣಿಸಿಕೊಳ್ಳಬೇಕು. ಮುಂದಿನ ಪದವನ್ನು ತಾನೇ ಊಹಿಸುವ ಸೌಲಭ್ಯವೂ ಇತ್ತು. ಅದು ಬರೀ 'ನೀರು ಬೇಕು', 'ನೋವಾಗುತ್ತಿದೆ' ಎಂದು ಆಸ್ಪತ್ರೆಯ ಮಾತನ್ನೇ ಮುಂದೊತ್ತುತ್ತಿತ್ತು. ಅಕ್ಕ ಸಿಟ್ಟಿಗೆದ್ದು ಅದನ್ನು ಬಂದ್ ಮಾಡಿಸಿದಳು.

ಆಟಕ್ಕೆ ಅವಳನ್ನು ಸೇರಿಸಿದವಳು ನಾನೇ. ಕಣ್ಣಿನಿಂದ ನಡೆಸುವ ಸಲಕರಣೆ ಹಾಕಿಸಿದ್ದೆ. ಆದರೆ ಏಳು ಕೋಟೆಯಲ್ಲಿ ನಡೆಯುವುದು, ತಿರುಗುವುದು, ಹೊಡೆಯುವುದು ಎಲ್ಲ ಒಟ್ಟೊಟ್ಟಿಗೆ ಆಗಬೇಕು. ಬರೀ ಕಣ್ಣಿನಿಂದ ಆಗುವ ಮಾತಲ್ಲ. ಆಟದೊಳಗೆ ಅಕ್ಕನ ಪರವಾಗಿ ಓಡಾಡಬೇಕಾದ ಬೊಂಬೆ ಕೋಟೆಯ ಬಾಗಿಲ ಬಳಿಯ ಗೋಡೆಗೆ ಡಿಕ್ಕಿ ಹೊಡೆಯುತ್ತ ನಿಂತಿತು. ನನಗೆ ಅಳು ಬಂತು. ಅಕ್ಕ ಅಳಲಿಲ್ಲ, ವೇಷದ ಪುಟ ತೆಗೆಸಿದಳು.

ಅವಳು ಮಾಡಿದ್ದನ್ನು ಯಾವ ಗೈಡ್ ಮನೆಯವರೂ ಕನಸಿನಲ್ಲೂ ನೆನೆಸಿರಲಿಲ್ಲ. ನಡಿಗೆಯನ್ನು ಬಿಟ್ಟುಕೊಟ್ಟಳು. ಕೈಯನ್ನು ಬಿಟ್ಟುಕೊಟ್ಟಳು. ಮಾತನ್ನು ಬಿಟ್ಟುಕೊಟ್ಟಳು. ಹೇಗೂ ಇಲ್ಲದ್ದು, ಹೋದರೇನು? ಅದಕ್ಕೆ ಬಂದ ರಾಶಿ ಪಾಯಿಂಟಿನಲ್ಲಿ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಒಂದು ಶಕ್ತಿಯನ್ನು ತುದಿಮುಟ್ಟ ಕೊಂಡಳು. ಉಳಿದ ಚೂರುಪಾರಿಗೆ, ಕೂತಲ್ಲಿಂದಲೇ ದೂರ ಕಾಣಲೆಂದು, ಗರುಡಗಣ್ಣು ಕೊಂಡಳು. ಮೂಲೆಯಲ್ಲಿದ್ದ ಆ ಶಕ್ತಿ ಎಂದರೆ ತನ್ನ ಸರದಿಯನ್ನು ಇನ್ನೊಬ್ಬರಿಗೆ ಕೊಡುವ ಶಕ್ತಿ. ಅದನ್ನು ಪಡೆದವರ ಕಾಲನ್ನು ಒಂದು ಸರದಿಯಷ್ಟು ಹೊತ್ತು ಆಟವೇ ಓಡಿಸುತ್ತದೆ. ಅವರು ಎತ್ತ ನೋಡಿದರೆ ಅತ್ತ, ಬಾಣಕ್ಕೂ ಸಿಗದ ವೇಗದಲ್ಲಿ. ಕೊಟ್ಟವರಿಗೆ ಏನೂ ಉಳಿಯುವುದಿಲ್ಲ. ಅದಕ್ಕೇ ಅದನ್ನು ಯಾರೂ ಕೊಂಡಿರಲಿಲ್ಲ. ಖೋಖೋ ಆಡಿದವಳಿಗೆ ಮಾತ್ರ ಅದು ಏನೆಂದು ಗೊತ್ತಾಯಿತು. ಸಾಲಿನಲ್ಲಿ ಕೂತವರ ಬೆನ್ನು ಮುಟ್ಟಿ ಖೋ ಎನ್ನುವುದು, ಅವರನ್ನು ಎಬ್ಬಿಸಿ ತಾನು ಕೂರುವುದು.

ನಡಿಗೆ ಬಿಟ್ಟುಕೊಟ್ಟವರನ್ನು ಅವರು ಕೇಳಿದ ಜಾಗದಲ್ಲಿ ಆಟವೇ ಕೂರಿಸುತ್ತದೆ. ಅಕ್ಕ ಏಳನೇ ಕೋಟೆಯ ಅಂಗಳದಲ್ಲಿ ಕೂತಳು. ಓಡುವವರಿಗೆ ಖೋ ಕೊಡತೊಡಗಿದಳು. ಅಲ್ಲಿಯವರೆಗೆ ಯಾರೂ ಗೆಲ್ಲದ ಕೋಟೆ ಬಿತ್ತು. 'ಕೂತವಳು' ಎಂಬ ಹೆಸರು ಆಟವನ್ನೆಲ್ಲ ಹಬ್ಬಿತು. ಅಕ್ಕ ಪಕ್ಕದಲ್ಲಿದ್ದರೆ ಸಾಕು ಎಂದು ಜನ ಸರತಿ ನಿಂತರು. ಎಷ್ಟೋ ಕಾಲದ ನಂತರ ಅವಳ ಕಣ್ಣಿನಲ್ಲಿ ಮೈದಾನದ ಆ ಹಳೆಯ ಧಿಮಾಕು ಕಂಡೆ. ನನಗೆ ಖುಷಿಯೋ ಖುಷಿ.

ಹೊಂಬಳ ಅವರಿಗೂ ಖುಷಿಯಾಯಿತು. ನನ್ನನ್ನು ಕರೆದು ಚಹಾ ತರಿಸಿದರು. ಅವರು ಚಹಾ ತರಿಸಿದರೆಂದರೆ ಏನೋ ಕಾದಿದೆ ಎಂದೇ ಅರ್ಥ.

"ನೀಲವ್ವಾ, ಕೂತಾಕಿ ಯಾರಂತ ನನಗ ಗೊತ್ತೈತಿ. ಮುಚ್ಚಿಡಬ್ಯಾಡ. ಮಂದಿ ಹುಚ್ಚೆದ್ದು ಕೇಳಾಕತ್ತಾರ. ಗೈಡ್ ಬರದುಬಿಡು. ಮೂರು ಚುಕ್ಕಿ ಹಾಕೋಣು."

"ಬರದ್ರ ಅಕ್ಕನ ವೇಷಾನ ತಕ್ಕಡಿ ತೆಗೀತೈತ್ರಿ. ಆಕಿಗೆ ಬ್ಯಾರೆ ವೇಷ ಹಾಕಾಕ ಬರೂದಿಲ್ಲ. ಮತ್ತ ಗ್ವಾಡಿಗೆ ಹಾಯ್ಕೊಂಡು ನಿಂದರಬೇಕು."

ಅವರು ಬಸಿಯಲ್ಲಿ ಚಹಾ ಹುಯ್ದುಕೊಂಡರು. "ತಿಳಿತೈತವಾ. ನಾ ಏನ್ ಕಟುಕ ಅಲ್ಲ. ಆದ್ರ ನೀ ಬರೀಲಿಲ್ಲಂದ್ರ ದಾವಣಗೆರಿಯವ್ರು ಬರೀತಾರ. ಅವ್ರು ಹುಡುಕ್ಯಾಡಾಕತ್ತಾರ. ಇಲ್ಲಾ, ನಾನ ಬ್ಯಾರೇದವ್ರ ಕೈಲೆ ಬರಸ್ತೀನಿ. ಯಾರೋ ಮುಗಸೂ ಕೆಲಸಾನ ನೀ ಮುಗಸು, ಅಷ್ಟ."

ಅವರು ಹೇಳಿದ್ದು ಸುಳ್ಳಾಗಿರಲಿಲ್ಲ. ಆ ವಾರವೇ ದಾವಣಗೆರೆಯ ಒಂದು ಗೈಡ್ ಮನೆ ಊಹೆಯ ಮೇಲೆ ಬರೆದುಬಿಟ್ಟಿತು. ಕೂತವಳ ಬಲವೆಲ್ಲ ಅವಳ ಗರುಡಗಣ್ಣಿನಲ್ಲಿದೆ ಎಂದು. ಶುದ್ಧ ತಪ್ಪು. ಆದರೆ ತಕ್ಕಡಿಗೆ ಸರಿತಪ್ಪು ಬೇಕಿಲ್ಲ, ಎಷ್ಟು ಜನ ನಂಬುತ್ತಾರೆ ಎಂಬುದೊಂದೇ ಲೆಕ್ಕ. ಗರುಡಗಣ್ಣಿನ ದೂರವನ್ನು ಕತ್ತರಿಸಿ ಹಾಕಿತು. ಅಕ್ಕ ಕೂತಲ್ಲಿಂದ ಕೋಟೆಯಾಚೆಯ ಹೊಳೆ, ಅದರಾಚೆಯ ಗುಡ್ಡ ಕಾಣುತ್ತಿತ್ತು. ಈಗ ಬಾಗಿಲಿನವರೆಗೆ ಮಾತ್ರ. ಅವಳು ಮಲಗಿರುವ ಕೋಣೆಗಿಂತ ಆ ಅಂಗಳ ಹೆಚ್ಚು ದೊಡ್ಡದಾಗಿ ಉಳಿಯಲಿಲ್ಲ.

ಮರುದಿನವೇ ಹುಬ್ಬಳ್ಳಿಗೆ ಹೋದೆ. ತಕ್ಕಡಿಯ ಕಂಟ್ರೋಲ್ ರೂಮ್ ಇರುವುದು ಅಲ್ಲೇ. ಅದರ ಕಾವಲಿಗಿರುವ ಇಮ್ತಿಯಾಜ್ ಮೊದಲು ನಮ್ಮ ಗೈಡ್ ಮನೆಯಲ್ಲೇ ಇದ್ದವನು, ನನ್ನ ಎದುರು ಮೇಜಿನವನು. ಕೋಣೆಯೊಳಗೆ ತಣ್ಣಗೆ ಗಾಳಿ, ಗೋಡೆಯ ತುಂಬ ಪರದೆ, ನಡುವೆ ಎಷ್ಟು ಜನ ಪಾಲಿಸುತ್ತಾರೆಂದು ತೋರಿಸುವ ಒಂದು ಮುಳ್ಳು. ನಾನು ಹೆದರಿಕೊಂಡೇ ಬರೆದಿದ್ದ ಅರ್ಧ ಪುಟದ ಕರಡನ್ನು ಅವನು ಪರೀಕ್ಷೆಗೆಂದು ತೂಗಿದ. ಮುಳ್ಳು ಕೊನೆಗೆ ಹೋಗಿ ಬಡಿಯಿತು.

"ನೀಲಕ್ಕಾ, ಭಾಳ ಚಂದ ಬರದೀರಿ. ಅದ ತಪ್ಪಾಗೇತಿ," ಎಂದ ಅವನು. "ಓದಿದ್ರ ಯಾರಿಗಾದ್ರೂ ತಿಳಿತೈತಿ. ಒಬ್ಬೊಬ್ರು ಎರಡನೇ ಖಾತೆ ತೆಗದು ಅದನ್ನ ಅಂಗಳದಾಗ ಕುಂದರಸಿ ಬಿಟ್ಟು, ತಾವು ಓಡಾಕ ಹೋಗ್ತಾರ. ಲಕ್ಷಗಟ್ಲೆ ಮಂದಿ. ಸರದಿ ಕೊಡೂ ಶಕ್ತಿನ ಕಿತ್ತೊಗೀತೈತಿ ಇದು."

"ಅಕ್ಕಗ ಒಬ್ಬಾಕಿಗೆ ಬಿಡಾಕ ಬರೂದಿಲ್ಲೇನೋ? ನೀ ಮುಳ್ಳಿನ ಮ್ಯಾಲ ಒಂಚೂರು ಕೈಬಟ್ಟು ಇಟ್ಟು ತಡದ್ರ?"

ಇಮ್ತಿಯಾಜ್ ಪರದೆ ಕಡೆ ನೋಡಿದನೇ ಹೊರತು ನನ್ನ ಕಡೆ ನೋಡಲಿಲ್ಲ. "ಮೊದಲ ಮನಷ್ಯಾರ ಕೈಯಾಗ ಇತ್ತಲ್ಲ, ತಮ್ಮವ್ರಿಗೆ ತಾವು ಮಾಡ್ಕೊಂಡ್ರು. ಅದಕ್ಕ ಈಗ ಯಾರ ಬಟ್ಟೂ ಮುಟ್ಟದಂಗ ಮಾಡ್ಯಾರ. ನಾ ಇಲ್ಲಿ ಬರೇ ನೋಡಾಂವ ಅಕ್ಕಾ. ಹೊರಗಿನ ಮಂದಿ ನಾ ನಡಸ್ತೀನಂತ ತಿಳ್ಕೊಂಡಾರ."

ಬರೆದರೂ ಹೋಗುತ್ತದೆ, ಬರೆಯದಿದ್ದರೂ ಹೋಗುತ್ತದೆ. ಗದಗಿನ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತೆ. ಬಾಗಿಲಿಲ್ಲದ ಕೋಣೆಯೊಳಗೆ ಕೂತು ಬೀಗದ ಕೈ ಹುಡುಕುತ್ತಿದ್ದೇನೆ ಎನಿಸಿ ನನ್ನ ಮೇಲೆಯೇ ಸಿಟ್ಟು ಬಂತು.

ಮನೆಗೆ ಬಂದು ಅಕ್ಕನಿಗೆ ಎಲ್ಲ ಹೇಳಿದೆ. ಬರೆಯುವುದಿಲ್ಲ, ಕೆಲಸ ಹೋದರೆ ಹೋಗಲಿ, ಇರುವಷ್ಟು ದಿನ ನೀನು ಆಡು ಎಂದೆ. ಅಕ್ಕ ಹಲಗೆ ಕೇಳಿದಳು. ಗೈಡ್ ಬರೆಯುವವರಿಗೆ ಒಂದು ಕೆಟ್ಟ ಚಾಳಿ ಇರುತ್ತದೆ, ಪ್ರಶ್ನೆ ಮುಗಿಯುವುದರೊಳಗೆ ಉತ್ತರ ಕೊಡುವುದು. ಎರಡಕ್ಷರ ಬರುತ್ತಲೇ, "ಹೂಂ ತಿಳೀತು, ಹಾಸಿಗಿ ಸರಿ ಮಾಡಲೇನು?" ಎಂದೆ. ಅಕ್ಕ ಕಣ್ಣು ಗಟ್ಟಿಯಾಗಿ ಮುಚ್ಚಿದಳು. ಅದು ಅವಳ ಬೈಗುಳ. ಕೂತುಕೊಂಡೆ. ಕುಕ್ಕರ್ ಕೂಗಿತು, ಎದ್ದು ಹೋಗಿ ಬಂದೆ. ಹಾಲಿನವಳು ಬಂದಳು, ಮತ್ತೆ ಎದ್ದೆ. ಪ್ರತಿ ಸಲ ಎದ್ದಾಗಲೂ ನಡುವಿನ ಅಕ್ಷರಗಳು ತಪ್ಪಿ, ಅಕ್ಕ ಮೊದಲಿನಿಂದ ಶುರುಮಾಡಬೇಕಾಯಿತು. ಕೊನೆಗೆ ಪೂರ್ತಿಯಾಗಿ ಸಿಕ್ಕಿದ್ದು ಇಷ್ಟು:

"ಗ್ವಾಡಿಗೌಡಗ ಹೇಳಿಕೊಡಬೇಕು."

ಗ್ವಾಡಿಗೌಡ ಯಾರೆಂದು ನನಗೆ ಗೊತ್ತಿತ್ತು. ಏಳನೇ ಕೋಟೆಯ ಬಾಗಿಲಲ್ಲಿ ದಿನವೂ ಗೋಡೆಗೆ ಡಿಕ್ಕಿ ಹೊಡೆಯುತ್ತ ನಿಲ್ಲುವ ಒಂದು ಬೊಂಬೆ. ಆಡುವವರು ಅದಕ್ಕೆ ಆ ಹೆಸರಿಟ್ಟು ನಗುತ್ತಿದ್ದರು. ಹೋಗುತ್ತ ಬರುತ್ತ ಒಂದೇಟು ಹಾಕಿ ಮುಂದೆ ನಡೆಯುತ್ತಿದ್ದರು. ನಾನೂ ಯಾರೋ ತುಂಟ ಹುಡುಗ ಇರಬೇಕು ಎಂದುಕೊಂಡಿದ್ದೆ. ಅಕ್ಕನಿಗೆ ಈಗ ಕಾಣುತ್ತಿದ್ದದ್ದು ಬಾಗಿಲಿನವರೆಗೆ ಮಾತ್ರವಲ್ಲವೇ? ದಿನವಿಡೀ ಅವನನ್ನೇ ನೋಡಿದ್ದಾಳೆ.

"ಹುಡುಗಾಟ ಅಲ್ಲೇನು ಅದು?" ಎಂದೆ.

ಅಕ್ಕ ಬರೆದಳು, ಈ ಸಲ ನಾನು ಏಳಲಿಲ್ಲ. "ನನ್ನಂಗ. ಕಣ್ಣಿಲೆ ನಡೀತಾನ."

 ಅವನಿಗೆ ಗುಟ್ಟಾಗಿ ಹೇಳುವ ದಾರಿಯೂ ಇರಲಿಲ್ಲ. ಆಟದೊಳಗೆ ಮಾತಾಡಿಸಿದರೆ ಉತ್ತರ ಕೂಡಲೇ ಬರಬೇಕು, ತಡವಾದರೆ ಮಾತು ಮುರಿದುಬೀಳುತ್ತದೆ. ಎಷ್ಟು ಸಲ ಪ್ರಯತ್ನಿಸಿದೆನೋ, ಒಂದಕ್ಷರ ಬರುವುದರೊಳಗೆ ಮುರಿಯುತ್ತಿತ್ತು. ಅವನು ಎಲ್ಲಿಯವನು, ಏನು ಹೆಸರು, ಗಂಡೋ ಹೆಣ್ಣೋ, ಯಾವುದೂ ಗೊತ್ತಿಲ್ಲ. ಆದರೆ ದಾರಿ ಕಾಣದವರು ಎಲ್ಲೇ ಇದ್ದರೂ ಕೊನೆಗೆ ಗೈಡು ಹುಡುಕುತ್ತಾರೆ. ಅವನಿಗೆ ತಲುಪುವುದೆಂದರೆ ಗೈಡಿನಿಂದಲೇ ತಲುಪಬೇಕು. ಗೈಡು ಬರೆದರೆ ಇಬ್ಬರಿಗೂ ಏನೂ ಉಳಿಯುವುದಿಲ್ಲ.

"ಬರದ್ರ ನಿನ್ನದೂ ಹೋಗ್ತೈತಿ, ಅವಂದೂ ಹೋಗ್ತೈತಿ. ಏನ್ ಬರೀಲಿ ನಾ?" ಎಂದು ಕೂಗಿಯೇಬಿಟ್ಟೆ. ಅಕ್ಕ ನನ್ನನ್ನೇ ನೋಡಿದಳು, ಆಮೇಲೆ ಹಲಗೆಯನ್ನು ನೋಡಿದಳು. ಅಕ್ಷರಗಳು ಸರಿಯತೊಡಗಿದವು. ನಾ. ನು. ನನಗೆ ಆಗಲೇ ಎದ್ದು ಒಲೆ ನೋಡುವ ಅವಸರ. ಒಡಹುಟ್ಟಿದವಳು, ಅವಳಿಗಾಗಿ ಕೆಲಸವನ್ನೇ ಬಿಡಲು ಸಿದ್ಧಳಾದವಳು, ಆದರೂ ಅವಳ ಒಂದು ಮಾತನ್ನು ಕೊನೆಯವರೆಗೆ ಕೇಳುವ ತಾಳ್ಮೆ ನನ್ನಲ್ಲಿರಲಿಲ್ಲ. ಆಗ ಹೊಳೆಯಿತು. ನನ್ನಲ್ಲೇ ಇಲ್ಲದ ತಾಳ್ಮೆ ಲಕ್ಷಗಟ್ಟಲೆ ಜನರಲ್ಲಿ ಎಲ್ಲಿಂದ ಬರಬೇಕು?

"ನಾನು ಬರೀತೀನಿ" ಎಂದು ಅಕ್ಕ ಮುಗಿಸಿದಳು.

ಬರೆದವಳು ಅವಳೇ. ನಾನು ಹಲಗೆಯ ಪರದೆಯನ್ನು ಹಾಗೇ ವಿಡಿಯೊದಲ್ಲಿ ಹಿಡಿದೆ. ಒಂದಕ್ಷರ ಬರುತ್ತದೆ, ಅಳಿಯುತ್ತದೆ, ಕಾಗುಣಿತ ಬರುತ್ತದೆ, ಅಳಿಯುತ್ತದೆ. ನಡುನಡುವೆ ಅಕ್ಕ ದಣಿದು ಕಣ್ಣು ಮುಚ್ಚಿದ ಹೊತ್ತೂ ಹಾಗೇ ಉಳಿಯಿತು. ಓಡಿಸಿ ನೋಡಿದರೆ ಅಕ್ಷರಗಳು ಹಾರಿಹೋಗುತ್ತವೆ. ಕೂತು ನೋಡಬೇಕು, ಇಡೀ ದಿನ, ಅಲ್ಲಾಡದೆ. ಅದರಲ್ಲಿ ಸುಳ್ಳು ಒಂದಿಲ್ಲ, ಮುಚ್ಚಿಟ್ಟದ್ದು ಏನಿಲ್ಲ. ಏನನ್ನು ಬಿಟ್ಟುಕೊಡಬೇಕು, ಯಾವ ಶಕ್ತಿ ಕೊಳ್ಳಬೇಕು, ಎಲ್ಲಿ ಕೂರಬೇಕು, ಎಲ್ಲವೂ ಇದೆ. ಪಿ.ಟಿ. ಟೀಚರ್ ಆದ್ದರಿಂದ ಒಂದೆರಡು ಬೈಗುಳವೂ ಇದೆ. ನಾನು ತಲೆಬರಹ ಹಾಕಿದೆ: 'ಗೋಡೆಗೆ ಹಾಯುವವರಿಗೆ'. ಜೀವನವಿಡೀ ಯಾರಿಗಾದರೂ ತಟ್ಟನೆ ತಿಳಿಯುವ ಹಾಗೆ ಬರೆಯುವುದೇ ನನ್ನ ಹೆಮ್ಮೆಯಾಗಿತ್ತು. ಆ ಹೆಮ್ಮೆಯನ್ನು ಬಿಟ್ಟುಕೊಟ್ಟೆ. ಅದಕ್ಕೂ ಪಾಯಿಂಟು ಸಿಗುವುದಾದರೆ ಸಿಗಲಿ ಎಂದುಕೊಂಡೆ.

ಪ್ರಕಟವಾದ ದಿನ ಹುಬ್ಬಳ್ಳಿಯ ಆ ತಣ್ಣನೆಯ ಕೋಣೆಯಲ್ಲಿ ಇಮ್ತಿಯಾಜನ ಪಕ್ಕ ನಿಂತಿದ್ದೆ. ತಕ್ಕಡಿ ಯಂತ್ರವಲ್ಲವೇ, ಇಡೀ ದಿನದ ಗೈಡನ್ನು ಕಣ್ಣು ಮಿಟುಕಿಸುವುದರೊಳಗೆ ಓದಿ ಮುಗಿಸಿತು. ಅದಕ್ಕೆ ಎಲ್ಲವೂ ಅರ್ಥವಾಯಿತು. ಅದು ಮನುಷ್ಯರನ್ನೂ ಚೆನ್ನಾಗಿ ಬಲ್ಲದು. ಮುಳ್ಳು ಇದ್ದಲ್ಲೇ ಇತ್ತು. ಪರದೆಯ ಮೇಲೆ ಅದರ ಅಂದಾಜು ಬಂತು: ಪಾಲಿಸುವವರು ಯಾರೂ ಇಲ್ಲ.

ಇಮ್ತಿಯಾಜ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ನಗುತ್ತಿದ್ದನೋ ಅಳುತ್ತಿದ್ದನೋ ತಿಳಿಯಲಿಲ್ಲ. "ನಾಳೆ ಯಾರರ ಕುಂತು ಪೂರಾ ಬರಕೊಂಡು, ಸಣ್ಣದಾಗಿ ಹಾಕಿದ್ರ ಮುಗೀತು ನೋಡ್ರಿ ಅಕ್ಕಾ," ಎಂದ.

"ಗೊತ್ತೈತೋ," ಎಂದೆ. ಆ ಹೆದರಿಕೆ ಈಗಲೂ ಹೋಗಿಲ್ಲ.

ಹೊಂಬಳ ಅವರು ನೋಡಲು ಕೂತರು, ಚಹಾ ಬರುವ ಹೊತ್ತಿಗೆ ಎದ್ದರು. "ಇದು ಗೈಡೇನವಾ? ನನ್ನ ಮನೀ ಹೆಸರು ಹಾಕಿ ಹಿಂತಾದ್ದು ಬಿಡ್ತೀಯಲ್ಲ!"

"ಎಲ್ಲಾ ಖರೇನ ಐತ್ರಿ. ಮೂರು ಚುಕ್ಕಿ ಸೈತ ಹಾಕೇನಿ."

ಅವರು ಬಹಳ ಕೂಗಾಡಿದರು. ಬೇರೆಯವರ ಕೈಲಿ ಅದನ್ನು ಬರೆಸಿಕೊಳ್ಳುವುದಾಗಿ ಹೆದರಿಸಿದರು. ಒಬ್ಬನನ್ನು ಕೂರಿಸಿಯೂ ನೋಡಿದರು, ಅವನು ಊಟದ ಹೊತ್ತಿಗೆ ನಿದ್ದೆಹೋದ. ಅಷ್ಟರಲ್ಲಿ ಎರಡು ತಲೆಯ ಬಿಲ್ಲುಗಾರ ಎಂಬ ಹೊಸ ವೇಷದ ಹುಚ್ಚು ಎದ್ದಿತು, ಜನ ಅದರ ಹಿಂದೆ ಓಡಿದರು, ಹೊಂಬಳ ಅವರೂ ಓಡಿದರು. ಕೂತವಳನ್ನು ಮರೆತರು.

ಅಕ್ಕ ಅಂಗಳದಲ್ಲಿ ಕೂತೇ ಇದ್ದಳು. ಖೋ ಕೊಡುತ್ತಿದ್ದಳು, ಪಡೆದವರು ಓಡುತ್ತಿದ್ದರು, ಯಾರೂ ತಿರುಗಿ ನೋಡುತ್ತಿರಲಿಲ್ಲ. ಬಾಗಿಲಲ್ಲಿ ಗ್ವಾಡಿಗೌಡ ಡಿಕ್ಕಿ ಹೊಡೆಯುತ್ತಲೇ ಇದ್ದ. ಗೈಡು ಯಾರಿಗೂ ತಲುಪಲಿಲ್ಲ ಎಂದುಕೊಂಡೆ. ಅಕ್ಕನ ಕಣ್ಣು ತಪ್ಪಿಸುತ್ತಿದ್ದೆ.

ಒಂದು ಮಧ್ಯಾಹ್ನ ರೊಟ್ಟಿ ಬಡಿಯುತ್ತಿದ್ದೆ. ಅಕ್ಕ ನನ್ನನ್ನು ಕರೆಯಲು ರೆಪ್ಪೆಯಿಂದ ಬಾರಿಸುವ ಗಂಟೆ ಒಂದೇ ಸಮನೆ ಬಡಿದುಕೊಂಡಿತು. ಹಿಟ್ಟಿನ ಕೈಯಲ್ಲೇ ಓಡಿದೆ. ಪರದೆಯಲ್ಲಿ ಕೋಟೆಯ ಬಾಗಿಲು ಖಾಲಿಯಾಗಿತ್ತು. ಅಂಗಳದಲ್ಲಿ ಅಕ್ಕನ ಪಕ್ಕದಲ್ಲಿ ಇನ್ನೊಂದು ಬೊಂಬೆ ಕೂತಿತ್ತು. ಅಕ್ಕ ಬಾಗಿಲ ಕಡೆ ಮುಖ ಮಾಡಿದ್ದರೆ, ಅದು ಗೋಡೆಯ ಕಡೆ ಮುಖ ಮಾಡಿತ್ತು. ಖೋಖೋ ಸಾಲಿನಲ್ಲಿ ಕೂರುವುದೇ ಹಾಗೆ, ಒಬ್ಬರು ಆ ಕಡೆ, ಒಬ್ಬರು ಈ ಕಡೆ. ಗೈಡಿನ ಕೊನೆಯ ಸಾಲಿನಲ್ಲಿ ಅಕ್ಕ ಅದನ್ನೇ ಬರೆದಿದ್ದಳು. ಅವನು ಕೊನೆಯವರೆಗೆ ಓದಿದ್ದ.

 ಆಮೇಲೆ ಅವನು ತನ್ನ ಸರದಿಯನ್ನು ಕೊಟ್ಟ. ಓಡುತ್ತಿದ್ದ ಯಾರಿಗೂ ಅಲ್ಲ, ಅಕ್ಕನಿಗೆ.

ಇಷ್ಟು ದಿನ ಅವಳಿಂದ ಎಲ್ಲರೂ ಪಡೆದಿದ್ದರು, ಅವಳಿಗೆ ಯಾರೂ ಕೊಟ್ಟಿರಲಿಲ್ಲ. ಕೊಡುವ ಶಕ್ತಿ ಬೇರೆ ಯಾರ ಬಳಿಯೂ ಇರಲಿಲ್ಲ. ನನಗಂತೂ ಅದು ಹೊಳೆದೇ ಇರಲಿಲ್ಲ. ಅಕ್ಕನ ಬೊಂಬೆ ನೆಲ ಬಿಟ್ಟು ಎದ್ದಿತು. ಅಕ್ಕ ಬಾಗಿಲ ಕಡೆ ನೋಡಿದಳು, ಕಾಲು ಅತ್ತ ಓಡಿತು. ಬಾಗಿಲು ದಾಟಿತು. ಹೊಳೆ ಕಂಡಿತು, ಹೊಳೆಯ ದಂಡೆಗುಂಟ ಓಡಿತು. ಖೋಖೋದಲ್ಲಿ ಕಂಬ ಸುತ್ತುವಂತೆ ಒಂದು ಮರವನ್ನು ಸುತ್ತಿ ತಿರುಗಿತು. ಆ ತಿರುಗುವಿಕೆ ನನಗೆ ಗೊತ್ತು, ಬಲ ಹೆಗಲನ್ನು ಬಾಗಿಸಿ ತಿರುಗುವುದು. ನಾನು ಶಾಲೆಯ ಕಟ್ಟೆಯ ಮೇಲೆ ಕೂತು ಎಷ್ಟು ಸಲ ನೋಡಿದ್ದೇನೆ. "ಓಡಬೇ ಅಕ್ಕಾ, ಓಡು!" ಎಂದು ಕಿರಿಚಿದೆ, ಹಿಟ್ಟಿನ ಕೈಯಿಂದಲೇ ಅವಳ ಪಾದ ಹಿಡಿದುಕೊಂಡೆ. ಪಾದ ಅಲ್ಲಾಡಲಿಲ್ಲ. ಅವಳ ಕಣ್ಣಿನಿಂದ ನೀರು ಕಿವಿಯವರೆಗೆ ಇಳಿಯುತ್ತಿತ್ತು, ಒರೆಸಲು ಹೋದರೆ ಪರದೆಗೆ ಅಡ್ಡ ಬರುತ್ತೇನೆಂದು ಸುಮ್ಮನಿದ್ದೆ.

ಸರದಿ ಮುಗಿಯಿತು. ಅಕ್ಕ ಅಂಗಳಕ್ಕೆ ಮರಳಿ ತನ್ನ ಜಾಗದಲ್ಲಿ ಕೂತಳು. ಹಲಗೆ ಬೇಕೆಂದು ಕಣ್ಣಿನಿಂದ ಕೇಳಿದಳು. ಒಲೆಯ ಮೇಲೆ ರೊಟ್ಟಿ ಸೀಯುತ್ತಿದ್ದ ವಾಸನೆ ಬಂತು, ನಾನು ಏಳಲಿಲ್ಲ. ಅಕ್ಷರಗಳು ಒಂದೊಂದಾಗಿ ಬಂದವು, ನಾನು ಒಂದನ್ನೂ ಊಹಿಸಲಿಲ್ಲ.

"ಈಗ ಅವನ ಪಾಳಿ," ಎಂದು ಬರೆದು ಅಕ್ಕ ಅವನಿಗೆ ಖೋ ಕೊಟ್ಟಳು.